ವಡೆ ತಿಂದವರ ಓಟು

"ಮಿಸ್, ಎಲೆಕ್ಷನ್ ಕ್ಯಾನ್ಸಲ್ ಮಾಡಿ" ಎಂದು ನಿಖಿತಾ ಅಳುತ್ತಾ ಬಂದು ನಿಂತಾಗ, ಚೂಡಾಮಣಿ ಮೇಡಂ ಚೀಟಿ ಹಾಕಲೆಂದು ಚಪ್ಪಲಿ ಡಬ್ಬದ ಮುಚ್ಚಳದಲ್ಲಿ ಸೀಳು ಕೊಯ್ಯುತ್ತಿದ್ದರು. ಹಲಗೂರಿನ ಆ ಶಾಲೆಯಲ್ಲಿ ಇನ್ನರ್ಧ ಗಂಟೆಗೆ ಶಾಲಾ ಸಂಸತ್ತಿನ ಮುಖ್ಯಮಂತ್ರಿಯ ಆಯ್ಕೆ. ಓಟು ಹಾಕುವವರು ಏಳನೇ ತರಗತಿಯವರು, ಕಣದಲ್ಲಿದ್ದವರು ಅದೇ ತರಗತಿಯ ಇಬ್ಬರು: ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿರುವ ಕನಕರಾಜುವಿನ ಮಗ ಪ್ರೀತಂ ಮತ್ತು ಈ ನಿಖಿತಾ. ಪ್ರೀತಂ ಕೊಟ್ಟ ಭರವಸೆಗಳಿಗೆ ಲೆಕ್ಕವಿರಲಿಲ್ಲ. ನಿಖಿತಾಳದ್ದು ಒಂದೇ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ. ಅದು ಕಿತ್ತುಹೋಗಿ ವರ್ಷವಾಗಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಜೊತೆ ಸಿಗದವರು ಸಂಜೆಯವರೆಗೂ ನೀರೇ ಕುಡಿಯುತ್ತಿರಲಿಲ್ಲ.

"ಯಾಕಮ್ಮ, ಏನಾಯ್ತು?"

"ಪ್ರೀತಂ ಎಲ್ರಿಗೂ ವಡೆ ಕೊಟ್ಟು ಮುತ್ತತ್ತಿರಾಯ ದೇವ್ರ ಮೇಲೆ ಆಣೆ ಆಕಿಸ್ಕೊಂಡವ್ನೆ ಮಿಸ್, ಅವನ್ಗೇ ಓಟ್ ಆಕ್ತೀವಿ ಅಂತ. ನನ್ ಕಡೆಯೋರೂ ಈಗ ಆಗಲ್ಲ ಅಂತಾವ್ರೆ."

"ನಿನ್ನ ಓಟಾದ್ರೂ ನಿನಗಿದೆಯಲ್ಲ."

ನಿಖಿತಾ ತಲೆ ತಗ್ಗಿಸಿದಳು. "ನಾನೂ ತಿಂದೆ ಮಿಸ್. ಬಿಸಿ ಇತ್ತು."

ನಗಬೇಕೋ ಬೈಯಬೇಕೋ ಮೇಡಂಗೆ ತಿಳಿಯಲಿಲ್ಲ. ಹದಿನೈದು ದಿನದಿಂದ ರಾಜಪ್ರಭುತ್ವ, ಸರ್ವಾಧಿಕಾರ, ಪ್ರಜಾಪ್ರಭುತ್ವ ಎಂದು ಬೋರ್ಡು ತುಂಬ ಬರೆದು ಗಂಟಲು ಹರಿದುಕೊಂಡಿದ್ದರು. ಮಕ್ಕಳು ಕಲಿತದ್ದು ಮಾತ್ರ ಊರಿನ ಜಗಲಿಯಲ್ಲಿ ದೊಡ್ಡವರು ಮಾಡುವುದನ್ನು ನೋಡಿ. ಮೇಡಂ ಡಬ್ಬ ಎತ್ತಿಕೊಂಡು ತರಗತಿಗೆ ಹೋಗಿ ವಿಷಯ ಕೇಳಿದರು. ಪ್ರೀತಂ ಮುಚ್ಚುಮರೆ ಮಾಡದೆ ಹೌದೆಂದ. ಉಳಿದವರು ತುಟಿ ಒರೆಸಿಕೊಂಡರು.

"ನೀವೇ ಕ್ಯಾನ್ಸಲ್ ಮಾಡ್ಬುಡಿ ಮಿಸ್" ಎಂದ ಹಿಂದಿನ ಬೆಂಚಿನ ತೇಜು.

ಮೇಡಂಗೂ ಒಳಗೊಳಗೇ ಅದೇ ಆಸೆ. ಆದರೂ ಕೇಳಿದರು: "ನಾನೊಬ್ಬಳೇ ಬೇಡ ಅಂದು ನಿಲ್ಲಿಸಿಬಿಟ್ರೆ, ಅದು ಯಾವ ಸರ್ಕಾರ?"

"ಸರ್ವಾಧಿಕಾರ. ಆದ್ರೆ ಒಳ್ಳೇ ಸರ್ವಾಧಿಕಾರ ಮಿಸ್."

"ಮೊದಲನೇ ದಿನ ಎಲ್ಲ ಸರ್ವಾಧಿಕಾರಿಯೂ ಒಳ್ಳೆಯವನೇ ಕಣಪ್ಪ. ಕಟ್ಟಿಕೊಂಡ ಗಂಟು ನೀವೇ ಬಿಚ್ಚಬೇಕು. ಆಣೆ ಬಿಡಿಸೋದು ಹೇಗೆ ಅಂತ ಯಾರಿಗಾದ್ರೂ ಗೊತ್ತಾ?"

ಅದು ಎಲ್ಲರಿಗೂ ಗೊತ್ತಿತ್ತು. ಗೋಲಿ ಆಟದಿಂದ ಹಿಡಿದು ಠೂ ಬಿಟ್ಟ ಜಗಳದವರೆಗೆ ಆ ಮಕ್ಕಳಲ್ಲಿ ಒಂದೇ ಕ್ರಮ: ಆಣೆ ಹಾಕಿಸಿದವನೇ ಆಣೆ ಹಾಕಿದವರ ಅಂಗೈಗೆ ನೀರು ಬಿಟ್ಟು 'ಬುಟ್ಟೆ' ಅನ್ನಬೇಕು. ಎಲ್ಲರೂ ಪ್ರೀತಂ ಕಡೆ ತಿರುಗಿದರು. ಅವನು ಕೈಕಟ್ಟಿಕೊಂಡು ಕೂತಿದ್ದ.

"ಯಾಕ್ ಬುಡ್ಲಿ? ತಿನ್ನೋವಾಗ ಚೆನ್ನಾಗಿತ್ತಾ?"

ವಡೆ ನಿಜಕ್ಕೂ ಚೆನ್ನಾಗಿತ್ತು. ಕಣ್ಣೊರೆಸಿಕೊಂಡು ಎದ್ದವಳು ನಿಖಿತಾ.

"ಆಣೆ ಇಲ್ದೆ ಗೆಲ್ಲಕ್ಕಾಗಲ್ವೇನ್ಲಾ ನಿನ್ ಕೈಲಿ?"

ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರೀತಂನ ಕಿವಿ ಕೆಂಪಾಯಿತು. ಕಬಡ್ಡಿಯಲ್ಲಿ ಅವನೇ ಕ್ಯಾಪ್ಟನ್, ಅರ್ಧ ಶಾಲೆ ಅವನ ಹಿಂದೆಯೇ ತಿರುಗುತ್ತಿತ್ತು. ಅಪ್ಪ ಹೇಳಿಕೊಟ್ಟ ಹಾಗೆ ವಡೆ ಹಂಚಿದ್ದನೇ ಹೊರತು, ಅದಿಲ್ಲದೆಯೂ ಗೆಲ್ಲಬಹುದೇ ಎಂದು ಅವನೂ ಯೋಚಿಸಿರಲಿಲ್ಲ. "ಯಾಕಾಗಲ್ಲ? ನೋಡೇಬುಡಾನ" ಎಂದು ನೀರಿನ ಬಾಟಲಿ ಹಿಡಿದು ಎದ್ದ. ಬೆಂಚಿನಿಂದ ಬೆಂಚಿಗೆ ಹೋಗಿ ಚಾಚಿದ ಅಂಗೈಗಳಿಗೆ ಒಂದೊಂದು ತೊಟ್ಟು ಬಿಟ್ಟು 'ಬುಟ್ಟೆ, ಬುಟ್ಟೆ' ಎನ್ನುತ್ತಾ ಬಂದ. ನಿಖಿತಾಳ ಕೈಗೆ ಮಾತ್ರ ತೋಳು ನೆನೆಯುವಷ್ಟು ಸುರಿದ.

ಚೀಟಿ ಎಣಿಸಿದಾಗ ಗೆದ್ದವನು ಪ್ರೀತಂ, ಎರಡೇ ಓಟಿನಲ್ಲಿ. ಮೇಡಂಗೆ ಬೇಸರವಾಯಿತು. ಮೇಷ್ಟರಾದವರು ಒಬ್ಬರ ಕಡೆ ವಾಲಬಾರದು, ಆದರೆ ಅವರ ಮನಸ್ಸು ವಾಲಿತ್ತು. ಪ್ರೀತಂ ಕೂಡ ಕುಣಿಯಲಿಲ್ಲ. ತರಗತಿಗೆ ತರಗತಿಯೇ ತನ್ನದು ಅಂದುಕೊಂಡಿದ್ದವನು ನಿಖಿತಾಳ ಚೀಟಿಗಳ ರಾಶಿಯನ್ನೇ ನೋಡುತ್ತಾ ನಿಂತ.

ನಿಖಿತಾ ಒದ್ದೆ ತೋಳಿನಲ್ಲೇ ಮೂಗು ಒರೆಸಿಕೊಂಡಳು. "ಮಿಸ್, ಸೋತೋರು ಕೇಳ್ಬೋದಾ?"

"ಸೋತವರು ಕೇಳಲೇಬೇಕು. ಯಾರೂ ಕೇಳದಿದ್ರೆ ಗೆದ್ದವನು ರಾಜನೇ ಆಗ್ತಾನೆ."

ಅವಳು ಪ್ರೀತಂ ಕಡೆ ತಿರುಗಿದಳು. "ಚಿಲಕ ಯಾವಾಗ್ಲಾ?"

ಅವನು ಆ ರಾಶಿಯನ್ನು ಮತ್ತೊಮ್ಮೆ ನೋಡಿದ. "ನಾಳಿಕೆ" ಎಂದ.

ಮಾತಿಗೆ ತಪ್ಪಲಿಲ್ಲ. ಮರುದಿನ ಸಂಜೆ ಹೋಟೆಲಿನ ಹಳೇ ಚಿಲಕವೊಂದನ್ನೂ ಸ್ಕ್ರೂಡ್ರೈವರನ್ನೂ ತಂದು, ಮೇಡಂ ಪಕ್ಕದಲ್ಲಿ ನಿಂತಿರುವಂತೆಯೇ ಬೆವರು ಸುರಿಸಿಕೊಂಡು ಬಿಗಿದ. ಹೆಣ್ಣುಮಕ್ಕಳೆಲ್ಲ ಸುತ್ತ ನೆರೆದಿದ್ದರು. ಟಕ್ಕೆಂದು ಚಿಲಕ ಹಾಕಿ ತೆಗೆದು ತೋರಿಸಿ, ಚಪ್ಪಾಳೆ ಬೀಳುತ್ತದೆಂದು ಕಾದ. ನಿಖಿತಾ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಎರಡೂ ಕೈಯಿಂದ ಬಾಗಿಲ ಒಳಮೈ ತಡವುವ ಸದ್ದು ಕೇಳಿಸಿತು. ಆಮೇಲೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಮುಖ್ಯಮಂತ್ರಿಗೆ ಹೇಳಿದಳು:

"ಇದೇನ್ ದನದ ಕೊಟ್ಟಿಗೆನೇನ್ಲಾ, ಒರಗಡೆ ಆಕಿದ್ದೀಯ? ಬಿಚ್ಚು. ಚಿಲಕ ಒಳಗಿರೋರ ಕೈಲಿರ್ಬೇಕು."