ಕಿಲ್ಲೇದಾರನ ಅಡುಗೆಕೋಣೆ

ಕೋಟೆಗೆ ಬಂದವರೆಲ್ಲ ಬಂಗಲೆಯ ಗೋಡೆ ನೋಡುತ್ತಾರೆ. ಈ ಮೂವರು ಗೈಡ್ ಕಿಶನನನ್ನೇ ನೋಡುತ್ತಿದ್ದರು.

ಅವನ ಅನುಮಾನ ಗಟ್ಟಿಯಾಯಿತು. ಪ್ರವಾಸೋದ್ಯಮ ಇಲಾಖೆಯ ಅಧಿಕಾರಿಯೊಬ್ಬರು ಪ್ರವಾಸಿಗರ ವೇಷದಲ್ಲಿ ಬಂದು ಗೈಡುಗಳನ್ನು ಪರೀಕ್ಷಿಸುತ್ತಾರೆಂದು ಸುದ್ದಿಯಿತ್ತು. ಪಾಸಾದರೆ ಕೆಲಸ ಕಾಯಂ. ಇಲ್ಲವಾದರೆ ಮತ್ತೆ ಗುಡ್ಡದ ಕೆಳಗೆ ಸದಾಶಿವಗಡ ಪೇಟೆಯಲ್ಲಿ ಮಾವನ ಮೊಬೈಲ್ ಅಂಗಡಿ, ಸ್ಕ್ರೀನ್‌ಗಾರ್ಡ್ ಅಂಟಿಸುವ ಭಾಗ್ಯ.

ಕೊಡೆ ಹಿಡಿದ ದಪ್ಪ ಗಂಡಸು, ಏದುಸಿರು ಬಿಡುವ ಮುದುಕಿ, ತಂಪು ಕನ್ನಡಕದ ಯುವತಿ. ಅಧಿಕಾರಿ ಯುವತಿಯೇ, ಉಳಿದಿಬ್ಬರು ವೇಷಕ್ಕೆ ಜೊತೆ ಎಂದು ಕಿಶನ ಲೆಕ್ಕ ಹಾಕಿದ. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ಮನೆಯಿಂದ ಆಯಿ, ಅಂದರೆ ಅಮ್ಮ, ಮಾಡುತ್ತಿರಬೇಕು. ತೆಗೆಯಲಿಲ್ಲ.

ಬೇರೆ ದಿನವಾಗಿದ್ದರೆ ಕಿಲ್ಲೇದಾರನ ನಿಧಿ, ಅದನ್ನು ಕಾಯುವ ಸರ್ಪ ಎಲ್ಲ ಬರುತ್ತಿದ್ದವು. ಇವತ್ತು ಬರೀ ಸತ್ಯ. "ಕೋಟೆಯ ಅಧಿಕಾರಿ, ಅಂದ್ರೆ ಕಿಲ್ಲೇದಾರ, ಇರೂಕೆ ಕಟ್ಟಿದ ಸರ್ಕಾರಿ ಮನೆ ಇದು. ಆಮೇಲೆ ಬ್ರಿಟಿಷ್ ಸಾಹೇಬ್ರು ಹಂಚು ಹಾಕ್ಸಿದ್ರು."

"ದಿನಾ ಈ ಗುಡ್ಡ ಹತ್ತೂದಾ? ಮಂಡಿನೋವು ಎಂತದೂ ಇಲ್ವಾ?" ಮುದುಕಿ ಕೇಳಿದಳು.

"ಇಲ್ಲ ಅಮ್ಮ."

ಗಂಡಸು ಸಿಗರೇಟು ಪ್ಯಾಕು ಚಾಚಿದ. "ಬೇಕನ್ರಾ?"

"ಇಲ್ಲಿ ಸೇದೂ ಹಾಗಿಲ್ಲ. ನಾ ಎಲ್ಲೂ ಸೇದೂದಿಲ್ಲ." ಎಂಥ ಬಲೆ! ಕಿಶನ ಒಳಗೊಳಗೇ ಬೀಗಿದ.

ಯುವತಿ ಅಡುಗೆಕೋಣೆಯ ಹೊಸಿಲಲ್ಲಿ ನಿಂತಳು. "ಕಿಲ್ಲೇದಾರನ ಹೆಂಡ್ತಿ ಇಲ್ಲಿ ಸುಖವಾಗಿದ್ಲಾ?"

ಕಿಶನ ತಬ್ಬಿಬ್ಬಾದ. ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಗೊತ್ತಿಲ್ಲ ಮೇಡಂ, ಅವಳ ಬಗ್ಗೆ ಯಾರೂ ಬರೆದಿಟ್ಟಿಲ್ಲ. ಆದ್ರೆ ನೋಡಿ, ಸಮುದ್ರದ ಗಾಳಿಯೆಲ್ಲ ಅವನ ಪಡಸಾಲೆಗೆ. ಇಲ್ಲಿ ಹೊಗೆ ಹೋಗೂಕೆ ಒಂದು ಕಿಂಡಿ. ನಾ ಕಟ್ಸಿದ್ರೆ ದೊಡ್ಡ ಕಿಟಕಿ ಇಲ್ಲೇ ಇಡ್ತಿದ್ದೆ."

ಅವಳು ಕನ್ನಡಕ ತೆಗೆದು ನಕ್ಕಳು. ಪರೀಕ್ಷೆಯಲ್ಲದಿದ್ದರೆ ಅವನೂ ನಗುತ್ತಿದ್ದ. ಸ್ವಂತ ಅಭಿಪ್ರಾಯ ಹೇಳಬಾರದಿತ್ತೇನೋ! ಮೂವರೂ ಇಳಿದುಹೋದರು. ಅವರ ಕಾರು ಕಾಳಿ ಸೇತುವೆ ದಾಟಿ ಅಂಕೋಲೆಯ ದಿಕ್ಕು ಹಿಡಿಯುವವರೆಗೂ ಅವನು ನೋಡುತ್ತಲೇ ನಿಂತ.

ಫೋನು ಮತ್ತೆ ಗುಂಯ್‌ಗುಟ್ಟಿತು. ಆಯಿಯೇ.

"ಫೋನ್ ಎಂತಕ್ಕೆ ಇಟ್ಕಂಡಿದ್ಯೋ ತಮಾ? ಬೆಳಂಬಾರದ ಹುಡುಗಿ ಮನೆಯವರು ಹೇಳದೆ ಕೇಳದೆ ನಿನ್ನ ನೋಡೂಕೆ ಮನೆಗೆ ಬಂದಿದ್ರು. ನೀ ಇಲ್ಲ ಅಂದ್ಕೂಡ್ಲೆ ಕೋಟೆಗೇ ಹೋಗ್ತೇವು ಅಂದ್ರು."

ಕಿಶನ ಸೇತುವೆಯ ಕಡೆ ತಿರುಗಿ ನೋಡಿದ. "ಎಂತ ಅಂದ್ರು?"

"ಈಗಷ್ಟೇ ದಾರಿಯಿಂದ ಫೋನ್ ಮಾಡಿದ್ರು, ಹುಡುಗಿ ಒಪ್ಪಿದ್ಲಂತೆ. ಆದ್ರೆ ಮದುವೆಗೆ ಮುಂಚೆ ನಮ್ಮ ಅಡುಗೆಕೋಣೆಗೆ ದೊಡ್ಡ ಕಿಟಕಿ ಇಡ್ಸಬೇಕಂತೆ. ಅದೆಂತ ಕಿಟಕಿಯೋ ಮಾರಾಯ?"