ಪಕ್ಕದಲ್ಲಿ ಬಂದು ಕೂತ ಹಿಲ್ಡಾಕ್ಕ

ವಿಮಾನ ಇನ್ನೇನು ನೆಲ ಮುಟ್ಟಬೇಕು...

ಆ ಹೊತ್ತಿನಲ್ಲಿ ಗಗನಸಖಿಯರೂ ತಮ್ಮ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂರಲೇಬೇಕು. ಏನೇ ಆದರೂ ಏಳುವಂತಿಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಬಿಸಿನೆಸ್‌ಮನ್ ಎದ್ದು ನಿಂತರು. ತಲೆಯ ಮೇಲಿನ ಲಗೇಜ್ ಗೂಡಿನ ಬಾಗಿಲು ತೆರೆದು ಸೂಟ್‌ಕೇಸ್ ಎಳೆಯತೊಡಗಿದರು.

ಅದರ ಕೆಳಗೇ ಒಬ್ಬ ತಾಯಿ... ಅವಳ ಮಡಿಲಲ್ಲಿ ನಿದ್ದೆ ಹೋದ ಹಸುಗೂಸು.

ಗಗನಸಖಿ ಬಿಂದುಶ್ರೀ ತಾನು ಕೂತಲ್ಲಿಂದಲೇ, ಕೂತುಕೊಳ್ಳಿ ಅಂತ ಮೆತ್ತಗೆ ಹೇಳಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೆ ಹೇಳಿದಳು. ಊಹೂಂ.

ಕೊನೆಗೆ ಟ್ರೈನಿಂಗ್‌ನಲ್ಲಿ ಕಲಿಸಿದ ಹಾಗೆ ಗಂಟಲು ಬಿಚ್ಚಿ ಕೂಗಿದಳು...

"ಕೂತ್ಕೊಳ್ಳಿ! ಈಗಲೇ ಕೂತ್ಕೊಳ್ಳಿ!"

ಇಡೀ ವಿಮಾನ ತಿರುಗಿ ನೋಡಿತು. ಅವರು ಮುಖ ಕೆಂಪಗೆ ಮಾಡಿಕೊಂಡು ಕೂತರು.

ಮರುದಿನವೇ ದೂರು ಬಂತು. "ಎಲ್ಲರೆದುರು ನನ್ನ ಮಾನ ತೆಗೆದಳು" ಅಂತ.

ಬಿಂದುಶ್ರೀಯದು ಕಾಂಟ್ರಾಕ್ಟ್ ಕೆಲಸ. ಅದು ಮುಂದುವರಿಯುವುದೋ ನಿಲ್ಲುವುದೋ ಇದೇ ತಿಂಗಳು ತೀರ್ಮಾನವಾಗಬೇಕಿತ್ತು. ದಾವಣಗೆರೆಯಲ್ಲಿ ಅಮ್ಮ, ಓದುತ್ತಿರುವ ತಂಗಿ... ಮನೆ ನಡೆಯುವುದೇ ಅವಳಿಂದ.

ಮ್ಯಾನೇಜರ್ ಅವಳನ್ನು ಕರೆಸಿದರು.

ಜೊತೆಗೆ ಯಾರನ್ನು ಕರೆಯುವುದು? ಒಂದೇ ಒಂದು ಹೆಸರು ನೆನಪಾಯಿತು... ಹಿಲ್ಡಾಕ್ಕ.

ಆದರೆ ಯಾವ ಮುಖ ಇಟ್ಟುಕೊಂಡು ಕರೆಯುವುದು?

ಹಿಲ್ಡಾಕ್ಕ ಮಂಗಳೂರಿನವರು. ತುಂಬ ವರ್ಷದಿಂದ ಹಾರುತ್ತಿರುವವರು. ಗಗನಸಖಿಯರಿಗೂ ಒಂದು ಯೂನಿಯನ್ ಬೇಕು, ನೀವೂ ಸೇರಿ ಅಂತ ಪ್ರತಿಯೊಬ್ಬರನ್ನೂ ಕೇಳಿಕೊಂಡು ಓಡಾಡುತ್ತಿದ್ದರು.

ಹೋದ ತಿಂಗಳು ಏರ್‌ಪೋರ್ಟ್‌ಗೆ ಹೋಗುವ ವ್ಯಾನ್‌ನಲ್ಲಿ ಬಿಂದುಶ್ರೀಯನ್ನೂ ಕೇಳಿದ್ದರು.

"ಬ್ಯಾಡ ಅಕ್ಕ. ನಮ್ಮಜ್ಜ ಕಾಟನ್ ಮಿಲ್ಲಿನಾಗೆ ಯೂನಿಯನ್ ಅಂತ ಓಡಾಡಿದ್ರು. ಸ್ಟ್ರೈಕ್ ಆತು, ಮಿಲ್ಲಿಗೆ ಬೀಗ ಬಿತ್ತು. ಆಮೇಲೆ ಮಂಡಕ್ಕಿ ಹುರಿಯೋ ಭಟ್ಟೀಲಿ ದುಡಿದು ದುಡಿದು ಬೆಂದು ಹೋದ್ರು. ನಂಗೆ ಆ ಸಹವಾಸನೇ ಬ್ಯಾಡ" ಅಂದಿದ್ದಳು.

ಸಾಲದ್ದಕ್ಕೆ, "ಇಷ್ಟು ಲಿಪ್‌ಸ್ಟಿಕ್ ಹಚ್ಕೊಂಡು ಧಿಕ್ಕಾರ ಕೂಗಿದ್ರೆ ಯಾರು ನಂಬ್ತಾರೆ ಅಕ್ಕ?" ಅಂತ ಚುಚ್ಚಿದ್ದಳು. ವ್ಯಾನ್ ತುಂಬ ನಗು.

ಹಿಲ್ಡಾಕ್ಕನೂ ನಕ್ಕಿದ್ದರು. "ಧಿಕ್ಕಾರ ಎಲ್ಲಿಂದ ಮಾರಾಯ್ತಿ? ಸೊಂಟನೋವಿಗೆ ಡಾಕ್ಟರ್ ಹತ್ರ ಹೋಗ್ಲಿಕ್ಕೆ ಒಂದು ರಜೆ ಸಿಕ್ಕಿದ್ರೆ ಸಾಕು ನಂಗೆ!"

ತಾನೇ ಹಾಗೆ ಆಡಿಕೊಂಡಿದ್ದ ಹಿಲ್ಡಾಕ್ಕನನ್ನು ಈಗ ಕರೆಯುವುದು ಹೇಗೆ... ಬಿಂದುಶ್ರೀ ಒಬ್ಬಳೇ ಒಳಗೆ ಹೋದಳು.

"ನೋಡಮ್ಮ, ತಪ್ಪಾಯ್ತು ಅಂತ ಬರೆದು ಸಹಿ ಮಾಡು. ವಿಷಯ ಮುಗೀತು." ಮ್ಯಾನೇಜರ್ ಬಿಳಿ ಹಾಳೆ ಮುಂದಿಟ್ಟರು.

ಮುಗಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ತಪ್ಪು ಒಪ್ಪಿಕೊಂಡ ಕಾಗದ ಫೈಲ್ ಸೇರಿದರೆ ಕಾಂಟ್ರಾಕ್ಟ್ ಹೋದಂತೆಯೇ. ಬರೆಯದಿದ್ದರೆ ಮ್ಯಾನೇಜರ್ ಸಿಟ್ಟು.

ಪೆನ್ ಕೈಗೆ ತೆಗೆದುಕೊಂಡಳು...

ಅಷ್ಟರಲ್ಲಿ ಬಾಗಿಲು ತೆರೆಯಿತು. ಆಗಷ್ಟೇ ಫ್ಲೈಟ್ ಇಳಿದು ಬಂದ ಹಿಲ್ಡಾಕ್ಕ! ಟ್ರಾಲಿ ಬ್ಯಾಗ್ ಮೂಲೆಗೆ ನಿಲ್ಲಿಸಿ, ಬಿಂದುಶ್ರೀಯ ಪಕ್ಕದಲ್ಲಿ ಬಂದು ಕೂತರು.

"ಹಿಲ್ಡಾ, ನಿಮ್ಮನ್ನ ಕರೆದಿಲ್ಲ."

"ಗೊತ್ತುಂಟು ಸರ್. ನಮ್ಮವರು ಯಾರೂ ಈ ರೂಮಿಗೆ ಒಬ್ಬರೇ ಬರುವುದು ಬೇಡ ಅಂತ ನಾವು ಮಾತಾಡಿಕೊಂಡಿದ್ದೇವೆ. ನಾನು ಮಾತಾಡ್ಲಿಕ್ಕೆ ಬಂದದ್ದಲ್ಲ, ಸುಮ್ಮನೆ ಕೂತ್ಕೊಳ್ಳಿಕ್ಕೆ."

"ಈ ಹುಡುಗಿ ನಿಮ್ಮ ಯೂನಿಯನ್‌ನಲ್ಲೇ ಇಲ್ಲವಲ್ಲ!"

"ಇಲ್ಲ ಸರ್."

ಮ್ಯಾನೇಜರ್ ದನಿ ತಗ್ಗಿಸಿದರು. "ಟ್ರೈನರ್ ಪೋಸ್ಟ್‌ಗೆ ನಿಮ್ಮ ಹೆಸರು ಹೋಗಿದೆ. ನೆನಪಿರಲಿ."

"ನೆನಪುಂಟು ಸರ್."

ಅಷ್ಟೇ... ಹಿಲ್ಡಾಕ್ಕ ಎದ್ದು ಹೋಗಲಿಲ್ಲ.

ಬಿಂದುಶ್ರೀಗೆ ಅದೆಲ್ಲಿಂದ ಧೈರ್ಯ ಬಂತೋ... ಪೆನ್ ಕೆಳಗಿಟ್ಟಳು.

"ಸರ್, ನಾನು ಕೂಗದೇ ಇದ್ದು, ಆ ಸೂಟ್‌ಕೇಸ್ ಕೂಸಿನ ಮ್ಯಾಲೆ ಬಿದ್ದಿದ್ರೆ... ಆಗಲೂ ಈ ರೂಮಿಗೆ ನನ್ನನ್ನೇ ಕರೀತಿದ್ರಿ. ಯಾಕಮ್ಮ ಕೂಗಲಿಲ್ಲ ಅಂತ ಕೇಳ್ತಿದ್ರಿ. ಅವರಿಗೆ ಬೇಜಾರಾಗೈತಿ ಅಂದ್ರೆ ನಂಗೂ ಬೇಜಾರೇ. ಆದ್ರೆ ಕೂಗಿದ್ದು ತಪ್ಪು ಅಂತ ಬರೆಯಾಕಾಗಲ್ಲ. ನಾಳೆ ಯಾರಾದ್ರೂ ಹಂಗೆ ಎದ್ದು ನಿಂತ್ರೆ ನಾಳೆನೂ ಹಂಗೇ ಕೂಗ್ತೀನಿ."

ಮ್ಯಾನೇಜರ್ ಒಮ್ಮೆ ಅವಳನ್ನು, ಒಮ್ಮೆ ಪಕ್ಕದಲ್ಲಿದ್ದ ಹಿಲ್ಡಾಕ್ಕನನ್ನು ನೋಡಿದರು. ಆಮೇಲೆ ಬಿಳಿ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆಯ್ತು. ಅವರಿಗೆ ನಾನೇ ಉತ್ತರ ಬರೀತೀನಿ. ನೀನು ಡ್ಯೂಟಿಗೆ ಹೋಗು."

ಹೊರಗೆ ಬಂದದ್ದೇ ತಡ, ಬಿಂದುಶ್ರೀಯ ಕಣ್ಣೀರಿನ ಕಟ್ಟೆ ಒಡೆಯಿತು.

"ಅಷ್ಟು ಜನರ ಮುಂದೆ ನಿಮ್ಮನ್ನ ಆಡ್ಕೊಂಡೆ... ನಾನು ಮೆಂಬರ್ ಕೂಡ ಅಲ್ಲ. ಯಾಕೆ ಬಂದ್ರಿ ಅಕ್ಕ?"

"ನೀನು ಒಬ್ಬಳೇ ಒಳಗೆ ಹೋದೆ ಅಂತ ಯಾರೋ ಹೇಳಿದ್ರು. ಬಂದೆ. ಅಷ್ಟಕ್ಕೆ ಎಂತಕ್ಕೆ ಅಳುವುದು?"

"ಇವತ್ತೇ ಯೂನಿಯನ್ ಸೇರ್ತೀನಿ ಅಕ್ಕ."

ಹಿಲ್ಡಾಕ್ಕ ತಲೆ ಅಲ್ಲಾಡಿಸಿದರು.

"ಇವತ್ತು ಬೇಡ. ಇವತ್ತು ನಿಂಗೆ ನನ್ನ ಮೇಲೆ ಪ್ರೀತಿ ಬಂದಿದೆ. ಪ್ರೀತಿಗೆ ಸೇರಿದವರು ನನ್ನ ಮೇಲೆ ಕೋಪ ಬಂದ ದಿನ ಬಿಟ್ಟು ಹೋಗ್ತಾರೆ. ಮೊದಲು ಭಾನುವಾರ ಮೀಟಿಂಗ್‌ಗೆ ಬಾ. ನಿನ್ನ ಅಜ್ಜನಿಗೆ ಯಾಕೆ ಹಾಗಾಯ್ತು ಅಂತ ಎಲ್ಲರೆದುರು ಕೇಳು. ಬೇಕಾದ್ರೆ ಜಗಳ ಮಾಡು. ಉತ್ತರ ಸರಿ ಕಂಡ್ರೆ ಮಾತ್ರ ಸೇರು."

ಹಾಗೆ ಹೇಳಿ ಕಣ್ಣೊರೆಸಿಕೊಳ್ಳಲು ಟಿಶ್ಯೂ ಕೊಟ್ಟರು. "ಮುಖ ತೊಳ್ಕೋ, ಕಾಡಿಗೆ ಎಲ್ಲ ಇಳಿದಿದೆ. ಪ್ಯಾಸೆಂಜರ್ ಹೆದರ್ತಾರೆ!"

ಬಿಂದುಶ್ರೀ ಅಳುತ್ತಲೇ ನಕ್ಕುಬಿಟ್ಟಳು.

ಆ ತಿಂಗಳು ಅವಳ ಕಾಂಟ್ರಾಕ್ಟ್ ಮುಂದುವರಿಯಿತು. ಟ್ರೈನರ್ ಪೋಸ್ಟ್ ಮಾತ್ರ ಬೇರೆ ಯಾರಿಗೋ ಹೋಯಿತು... ಹಿಲ್ಡಾಕ್ಕ ಅದರ ಬಗ್ಗೆ ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ.

ಭಾನುವಾರದ ಮೀಟಿಂಗ್‌ನಲ್ಲಿ ಮೊದಲು ಕೈ ಎತ್ತಿದವಳು ಬಿಂದುಶ್ರೀ. ಅವಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಹಿಲ್ಡಾಕ್ಕ ಬೆವೆತು ಹೋದರು.

ಎಲ್ಲ ಕೇಳಿ ಮುಗಿಸಿ, ಉತ್ತರ ಸರಿ ಕಂಡ ಮೇಲೆ, ಅವಳು ತಾನಾಗಿಯೇ ಹೆಸರು ಬರೆಸಿದಳು.

*ನಮ್ಮ ಸತ್ಯವನ್ನು ನಾವೇ ಹೇಳಬೇಕು... ಆದರೆ ಪಕ್ಕದಲ್ಲಿ ಒಬ್ಬರು ಕೂತಿದ್ದರೆ ದನಿ ನಡುಗುವುದಿಲ್ಲ.*

ನಿಮ್ಮ ಆಫೀಸಿನಲ್ಲಿ, ನಿಮ್ಮ ಅಂಗಡಿಯಲ್ಲಿ ಇವತ್ತು ಯಾರೋ ಒಬ್ಬರೇ ತಲೆ ತಗ್ಗಿಸಿ ಆ ರೂಮಿನೊಳಗೆ ಹೋಗುತ್ತಿರಬಹುದು... ನೀವು ಎದ್ದು ಅವರ ಜೊತೆಗೆ ಹೋಗುತ್ತೀರಾ?