ಥಾರನ ಸುತ್ತಿಗೆಯ ಹಿಡಿ

"ತಾತ, ಹಿಡಿ ಯಾಕೆ ಇಷ್ಟುದ್ದ ಮಾಡಿದೆ?"

ಮೊಮ್ಮಗಳು ಕೇಳಿದ್ದು ಮೆಲ್ಲಗೇ. ಆದರೆ ಕುಲುಮೆಯ ಮುಂದೆ ಕೂತಿದ್ದ ಕಮ್ಮಾರ ತಾತನ ಮುಖದಲ್ಲಿ ಬೆಳಗಿನಿಂದ ಇದ್ದ ಹೆಮ್ಮೆ ಜರ್ರನೆ ಇಳಿಯಿತು. ಅವಳ ಅಂಗೈಯಲ್ಲಿ ಕಬ್ಬಿಣದ ಪದಕ, ಹೆಬ್ಬೆರಳಷ್ಟು ದೊಡ್ಡ ಸುತ್ತಿಗೆ. ಹಿಮದ ದೇಶದವರ ಹಳೇ ಪುರಾಣದಲ್ಲಿ ಥಾರ್ ಅಂತ ಸಿಡಿಲಿನ ದೇವರಿದ್ದಾನಂತೆ, ಇದು ಅವನ ಆಯುಧವಂತೆ. ಇವತ್ತು ಸಂಜೆ ಅವಳ ಬ್ಯಾಂಡಿನ ಮೊದಲ ಕಾರ್ಯಕ್ರಮ. ಎಲ್ಲರ ಕೊರಳಲ್ಲೂ ಇದೇ ಇರಬೇಕು. ಉಳಿದವರು ಅಂಗಡಿಯಲ್ಲಿ ಕೊಂಡರು; ಇವಳು ಮಾತ್ರ "ನಂದು ನಮ್ಮ ತಾತಾನೇ ಬಡಿದು ಕೊಡ್ತಾನೆ" ಎಂದು ಜಂಬ ಕೊಚ್ಚಿಕೊಂಡು ಬಂದಿದ್ದಳು.

"ನೀನು ಕೊಟ್ಟ ಚಿತ್ರದಲ್ಲಿ ಹಿಡಿ ಅನ್ನೋದೇ ಇರಲಿಲ್ಲ ಕಣೇ," ಎಂದ ತಾತ. "ಅಂಥ ಸುತ್ತಿಗೇಲಿ ನಾಲ್ಕು ಏಟು ಹಾಕಿದ್ರೆ ಮಣಿಕಟ್ಟು ಕಿತ್ತುಕೊಂಡು ಹೋಗುತ್ತೆ. ಬರೆದೋನಿಗೆ ತಿಳೀಲಿಲ್ಲ, ನಾನು ಸರಿ ಮಾಡಿದೆ."

"ಅಯ್ಯೋ ತಾತ, ಅದು ಗಿಡ್ಡಾನೇ ಇರಬೇಕು. ಅದಕ್ಕೊಂದು ಕಥೆ ಇದೆ."

"ಕಮ್ಮಾರನಿಗೇ ಸುತ್ತಿಗೆ ಕಥೆ. ಆಯ್ತು, ಹೇಳು."

ಹೇಳಿದಳು. ಅಣ್ಣ ತಮ್ಮ ಇಬ್ಬರು ಕುಳ್ಳ ಕಮ್ಮಾರರು. ಒಬ್ಬ ಕುಲುಮೆಗೆ ಕಬ್ಬಿಣ ಹಾಕಿ, ನಾನು ಬರುವವರೆಗೆ ಗಾಳಿ ಊದುವ ತಿದಿ ನಿಲ್ಲಿಸಬೇಡ ಎಂದ. ಇನ್ನೊಬ್ಬ ಒತ್ತುತ್ತಾ ಕೂತ. ಇವರನ್ನು ಕಂಡರಾಗದವನೊಬ್ಬ ನೊಣವಾಗಿ ಬಂದು ಅವನ ಕಣ್ಣುರೆಪ್ಪೆಗೇ ಕಚ್ಚಿದ. ರಕ್ತ ಇಳಿದು ಕಣ್ಣು ಕಾಣದಾಯಿತು. ಒರೆಸಿಕೊಳ್ಳಲು ಒಂದು ಗಳಿಗೆ ತಿದಿಯಿಂದ ಕೈ ತೆಗೆದ, ಅಷ್ಟಕ್ಕೇ ಥಾರನ ಸುತ್ತಿಗೆಯ ಹಿಡಿ ಮೋಟಾಯಿತು. ಆದರೂ ದೇವತೆಗಳು, ಇದರಂಥ ವಸ್ತು ಇನ್ನೊಂದಿಲ್ಲ ಅಂದರಂತೆ.

ತಾತ ಪದಕ ಇಸಿದುಕೊಂಡು ತಿರುಗಿಸಿ ನೋಡಿದ. ವಾರವೆಲ್ಲ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಉಜ್ಜಿದ ಹಿಡಿ. ಬೇರೆ ಯಾರಾದರೂ ಆಗಿದ್ದರೆ ಬೈದು ಅಟ್ಟುತ್ತಿದ್ದ. ಇವಳು ಬೇಡ ಅನ್ನಲೂ ಆಗದೆ, ಹಾಕಿಕೊಳ್ಳಲೂ ಆಗದೆ ತುಟಿ ಕಚ್ಚಿಕೊಂಡು ನಿಂತಿದ್ದಾಳೆ.

"ಏನೇ, ಬಾ, ತಿದಿ ಒತ್ತು," ಎಂದು ಒಳಗಿದ್ದ ಹೆಂಡತಿಯನ್ನು ಕರೆದ. "ಕಾಯಿಸಿ ಕತ್ತರಿಸಿ ಬಿಡ್ತೀನಿ. ಅಷ್ಟು ಜನರ ಮುಂದೆ ಮಗು ಯಾಕೆ ತಲೆ ತಗ್ಗಿಸಬೇಕು."

ಅಜ್ಜಿ ಬಂದಳು. ಮದುವೆಯಾಗಿ ಬಂದ ದಿನದಿಂದ ಆ ತಿದಿ ಅವಳದೇ. ಈ ಪದಕಕ್ಕೂ ಒತ್ತಿದ್ದು ಅವಳೇ. ಗೋಡೆಯಾಚೆಯಿಂದ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡಿದ್ದಳು. ತನ್ನ ಜಾಗದಲ್ಲಿ ಕೂತಳೇನೋ ಸರಿ, ಕೈ ಮಾತ್ರ ಮಡಿಲಿನಲ್ಲೇ ಉಳಿಯಿತು.

"ಒತ್ತೇ."

"ಒತ್ತಲ್ಲ ಹೋಗಿ. ನಾಳೆ ಇವಳ ಸ್ನೇಹಿತರು, ಹಿಡಿ ಮೋಟಾಗಿದೆ, ಮುದುಕಿ ತೂಕಡಿಸಿರಬೇಕು ಅಂದ್ರೆ? ನನಗೆ ಯಾವ ನೊಣಾನೂ ಕಚ್ಚಿಲ್ಲ."

ತಾತ ನಕ್ಕ ಹೊಡೆತಕ್ಕೆ ಕೈಯಲ್ಲಿದ್ದ ಇಕ್ಕಳ ಸಡಿಲವಾಗಿ ಪದಕ ಕೆಳಗೆ ಜಾರಿತು. ಮೊಮ್ಮಗಳು ಪದಕವನ್ನು ಎತ್ತಿಕೊಂಡು, ಕಪ್ಪು ದಾರಕ್ಕೆ ಪೋಣಿಸಿ, ಕೊರಳಿಗೆ ಬಿಗಿದುಕೊಂಡಳು. ಹೊರಗೆ ಹಾರ್ನ್ ಕೇಳಿಸಿತು.

ಸ್ಕೂಟರಿನಲ್ಲಿ ಕಾಯುತ್ತಿದ್ದ ಗಿಟಾರಿನ ಹುಡುಗಿ ಕಣ್ಣರಳಿಸಿದಳು. "ಇದೇನೇ, ನಿಂದು ಮಾತ್ರ ಇಷ್ಟುದ್ದ?"

"ನಿಮ್ಮವಕ್ಕೆಲ್ಲ ತಿದಿ ಒತ್ತಿದ್ದು ಯಾರೋ ಏನೋ," ಎಂದು ಇವಳು ಹಿಂದೆ ಹತ್ತಿ ಕೂತಳು. "ಇದಕ್ಕೆ ನಮ್ಮಜ್ಜಿ."